ಗಂಡಮಾಲೆ ಮತ್ತು ಲಿಂಫೋಮಾ: ಕುತ್ತಿಗೆಯ ಗಂಟಿನ ನಿದಾನ

ಕುತ್ತಿಗೆಯ ಸುತ್ತ ಸಾಲಾಗಿ ಏಳುವ ಗಂಟುಗಳಿಗೆ ಗಂಡಮಾಲೆ ಎಂಬ ಹೆಸರಿದೆ. ಆಯುರ್ವೇದದಿಂದ ಬಂದ ಈ ಪದ ರೋಗದ ಕಾರಣವನ್ನು ಹೇಳುವುದಿಲ್ಲ; ಕಣ್ಣಿಗೆ ಕಂಡ ರೂಪವನ್ನು ಹೇಳುತ್ತದೆ. ಸುಶ್ರುತಸಂಹಿತೆಯ ನಿದಾನಸ್ಥಾನವು ಗ್ರಂಥಿ, ಅಪಚಿ, ಅರ್ಬುದ, ಗಳಗಂಡಗಳನ್ನು ಒಂದೇ ಅಧ್ಯಾಯದಲ್ಲಿ ವಿವೇಚಿಸಿರುವುದು ಗಮನಾರ್ಹ. ಹೊರನೋಟಕ್ಕೆ ಇವು ಒಂದನ್ನೊಂದು ಹೋಲುವುದೇ ಇದಕ್ಕೆ ಕಾರಣವಿರಬೇಕು.

ಈ ಹೋಲಿಕೆ ಆಧುನಿಕ ವೈದ್ಯವನ್ನೂ ಬಹುಕಾಲ ಕಾಡಿತು. ಲಂಡನ್ನಿನ ಥಾಮಸ್ ಹಾಜ್‌ಕಿನ್ 1832ರಲ್ಲಿ ದುಗ್ಧಗ್ರಂಥಿ ಹಾಗೂ ಗುಲ್ಮಗಳ ವಿಶಿಷ್ಟ ಊತವನ್ನು ವರ್ಣಿಸಿದರು. 1898ರಲ್ಲಿ ಕಾರ್ಲ್ ಸ್ಟರ್ನ್‌ಬರ್ಗ್ ಆ ರೋಗದ ದೈತ್ಯಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡೂ ಅದನ್ನು ಕ್ಷಯದ ಒಂದು ವಿಶೇಷ ರೂಪವೆಂದೇ ಬಗೆದರು. ಅದು ಕ್ಷಯವಲ್ಲವೆಂದು 1902ರಲ್ಲಿ ವಾದಿಸಿದವರು ಡೊರೊಥಿ ರೀಡ್. ಇಂದು ಆ ಕೋಶಕ್ಕೆ ಇಬ್ಬರ ಹೆಸರೂ ಸೇರಿದೆ.

ಹಳ್ಳಿಗಳಲ್ಲಿ ಗಂಟನ್ನು ಬೆರಳಿನಿಂದ ಒತ್ತಿ, ನೋವಿದೆಯೆ, ಕೀವು ತುಂಬಿದೆಯೆ, ಜರುಗುತ್ತದೆಯೆ ಎಂದು ನೋಡುವ ರೂಢಿಯಿದೆ. ಇದನ್ನು ಮೌಢ್ಯವೆಂದು ತಳ್ಳಿಹಾಕಲಾಗದು. ವೈದ್ಯರ ಪರೀಕ್ಷೆಯೂ ಇಲ್ಲಿಂದಲೇ ಆರಂಭವಾಗುತ್ತದೆ. ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿಯಲ್ಲಿ ನೋಯುವ ಗಡ್ಡೆ ಏಳುತ್ತದೆ, ಗಾಯ ಮಾಯ್ದರೆ ಅದೂ ಇಳಿಯುತ್ತದೆ ಎಂಬ ತಿಳಿವಳಿಕೆ ಸರಿಯಾದುದೇ. ತೊಡಕಿರುವುದು ಅದರ ಮುಂದಿನ ತರ್ಕದಲ್ಲಿ: ನೋವಿಲ್ಲದಿದ್ದರೆ ಭಯವಿಲ್ಲ ಎಂಬಲ್ಲಿ. ಲಿಂಫೋಮಾದ ಗಂಟು ಸಾಮಾನ್ಯವಾಗಿ ನೋಯುವುದೇ ಇಲ್ಲ. ವಾರಗಳು ಕಳೆದರೂ ಅದು ಇಳಿಯದು. ಅದರೊಡನೆ 38 ಡಿಗ್ರಿ ಸೆಲ್ಸಿಯಸ್ ಮೀರುವ ಜ್ವರ, ಹಾಸಿಗೆ ತೊಯ್ಯುವಷ್ಟು ಇರುಳ ಬೆವರು, 6 ತಿಂಗಳಲ್ಲಿ ಮೈತೂಕದ ಶೇ. 10ಕ್ಕೂ ಹೆಚ್ಚಿನ ಇಳಿಕೆ ಕಾಣಿಸಿಕೊಳ್ಳಬಹುದು. ಈ ಮೂರೂ ಕ್ಷಯದಲ್ಲಿಯೂ ಉಂಟು. ಹೀಗಾಗಿ ಕ್ಷಯ ವ್ಯಾಪಕವಾಗಿರುವ ಭಾರತದಲ್ಲಿ, ಅಂಗಾಂಶ ಪರೀಕ್ಷೆಯಿಲ್ಲದೆ ಕ್ಷಯದ ಮಾತ್ರೆ ನುಂಗುತ್ತ ತಿಂಗಳುಗಳನ್ನು ಕಳೆದುಕೊಂಡ ಲಿಂಫೋಮಾ ರೋಗಿಗಳಿದ್ದಾರೆ.

ನಿರ್ಣಯ ಕೊಡುವುದು ಅಂಗಾಂಶವೇ. ಸೂಜಿಯಿಂದ ಹೀರಿದ ಕೋಶಗಳು ಸುಳಿವು ಕೊಡಬಲ್ಲವು. ಗ್ರಂಥಿಯ ಒಳರಚನೆಯನ್ನು ತೋರಲಾರವು. ಆದುದರಿಂದ ಸಾಧ್ಯವಿದ್ದಲ್ಲಿ ಇಡೀ ಗ್ರಂಥಿಯನ್ನೇ ತೆಗೆದು ಬಯಾಪ್ಸಿಗೆ ಕಳುಹಿಸುತ್ತಾರೆ. ಕೋಶಗಳ ಮೇಲಿನ ಸಿಡಿ20, ಸಿಡಿ30 ಮೊದಲಾದ ಪ್ರೋಟೀನುಗಳನ್ನು ಪ್ರತಿಕಾಯಗಳ ನೆರವಿನಿಂದ ಗುರುತಿಸಿ ಲಿಂಫೋಮಾದ ಬಗೆಯನ್ನು ನಿರ್ಧರಿಸಲಾಗುತ್ತದೆ. ಇದಕ್ಕೆ ಮುನ್ನವೇ ಸ್ಟೀರಾಯ್ಡ್ ಕೊಟ್ಟರೆ ಗಂಟು ಕುಗ್ಗಿ ನಿದಾನ ತಪ್ಪುವ ಸಂಭವವುಂಟು. ರಕ್ತಪರೀಕ್ಷೆ ಸಹಜವಾಗಿದ್ದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು. ರೋಗ ಎಷ್ಟು ಹರಡಿದೆಯೆಂಬುದನ್ನು ಪೆಟ್-ಸಿಟಿ ಸ್ಕ್ಯಾನ್, ಕೆಲವೊಮ್ಮೆ ಅಸ್ಥಿಮಜ್ಜೆಯ ಪರೀಕ್ಷೆ ತಿಳಿಸುತ್ತವೆ. 1971ರಲ್ಲಿ ಅಮೆರಿಕದ ಆನ್ ಆರ್ಬರ್‌ನಲ್ಲಿ ರೂಪುಗೊಂಡ 4 ಹಂತಗಳ ವರ್ಗೀಕರಣವು 2014ರ ಲುಗಾನೊ ಪರಿಷ್ಕರಣೆಯೊಂದಿಗೆ ಇಂದಿಗೂ ಬಳಕೆಯಲ್ಲಿದೆ.