ಅಫಜಲಪುರದ ಪಿನ್‌ಕೋಡ್ ಅವಿಭಾಜ್ಯವೇ?

ಕಲಬುರಗಿ ಜಿಲ್ಲೆಯ ಅಫಜಲಪುರ 585301, ಆಳಂದ 585302, ಜೇವರ್ಗಿ 585310. ಲಕೋಟೆಯ ಮೇಲೆ ಬರೆದು ಮರೆತುಬಿಡುವ ಈ ಪಿನ್‌ಕೋಡ್‌ಗಳನ್ನು ಐದು ಲಕ್ಷ ಎಂಬತ್ತೈದು ಸಾವಿರದ ಚಿಲ್ಲರೆ ಎಂದು ಓದಿ, ಬರೀ ಪೂರ್ಣಸಂಖ್ಯೆಗಳಾಗಿ ನೋಡಿದರೆ, ಶಾಲೆಯಿಂದ ಹೊತ್ತು ತಂದ ಕೆಲವು ನಂಬಿಕೆಗಳು ಅಲ್ಲಾಡುತ್ತವೆ.

ತಪ್ಪು ಕಲ್ಪನೆ: 2, 3, 5, 7, 11ರಿಂದ ಭಾಗ ಹೋಗದ ಸಂಖ್ಯೆ ಅವಿಭಾಜ್ಯವೇ ಸರಿ.

585301 ಹಾಗೆಯೇ ಕಾಣುತ್ತದೆ. ಆದರೆ ತೀರ್ಮಾನ ಹೇಳಲು ಅದರ ವರ್ಗಮೂಲದವರೆಗೆ, ಅಂದರೆ 765ರೊಳಗಿನ ಒಂದೊಂದೇ ಅವಿಭಾಜ್ಯದಿಂದ ಭಾಗಿಸಿ ನೋಡಬೇಕು. ಮೊದಲ 58 ಅವಿಭಾಜ್ಯಗಳಿಗೆ ಅದು ಬಗ್ಗುವುದಿಲ್ಲ. 59ನೆಯದು 277, ಅಲ್ಲಿ ಶೇಷ ಸೊನ್ನೆ. 585301 = 277 × 2113. ಐವತ್ತರ ಹೊತ್ತಿಗೆ ಬೇಸತ್ತು ‘ಅವಿಭಾಜ್ಯ’ ಎಂದು ಬರೆದವರನ್ನು ಬೈಯಲಾಗದು. ಪಕ್ಕದ ಆಳಂದದ್ದು 2 × 311 × 941.

ತಪ್ಪು ಕಲ್ಪನೆ: ಅವೇ ಅಂಕಿಗಳಿದ್ದರೆ, ಕೂಡಿದ ಮೊತ್ತ ಒಂದೇ ಆದರೆ, ಸಂಖ್ಯೆಯ ಗುಣವೂ ಒಂದೇ.

ಅಫಜಲಪುರ, ಜೇವರ್ಗಿ ಎರಡರ ಅಂಕಿಗಳೂ ಅವೇ. ಕೊನೆಯ ಎರಡು ಅದಲುಬದಲು. ಮೊತ್ತ 22, ಮತ್ತೆ ಕೂಡಿದರೆ 4. ಸಂಖ್ಯಾಜ್ಯೋತಿಷ್ಯದವರಿಗೆ ಎರಡೂ ಒಂದೇ. ಆದರೆ ಜೇವರ್ಗಿಯದು 2 × 5 × 11 × 17 × 313 ಎಂದು ಐದು ಚೂರಾಗುತ್ತದೆ. ಆ 4 ಹೇಳುವುದು ಇಷ್ಟೇ: 9ರಿಂದ ಭಾಗಿಸಿದರೆ 4 ಉಳಿಯುತ್ತದೆ. ಫ್ಯಾನ್ಸಿ ನಂಬರಿಗೆ ದುಡ್ಡು ಸುರಿಯುವವರು ಕೊಳ್ಳುತ್ತಿರುವುದು ಈ ಶೇಷವನ್ನು! ಲೆಕ್ಕ ಬರೆಯುವವರಿಗೆ ಮಾತ್ರ ಅದು ನಿಜಕ್ಕೂ ಉಪಯೋಗ. ಅಕ್ಕಪಕ್ಕದ ಅಂಕಿಗಳು ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರ ಗುಣಕ. ಜಮಾಖರ್ಚು ತಾಳೆಯಾಗದೆ 9, 18, 27 ಹೀಗೆ ಉಳಿದರೆ ಮೊದಲು ಹುಡುಕಬೇಕಾದದ್ದು ಅಂಥ ತಪ್ಪನ್ನೇ. ಇಲ್ಲಿಯೂ ವ್ಯತ್ಯಾಸ ಸರಿಯಾಗಿ 9.

ತಪ್ಪಾಗಿ ಬರೆದ ಪಿನ್‌ಕೋಡನ್ನು ಕಂಪ್ಯೂಟರ್ ತಾನೇ ಹಿಡಿಯುತ್ತದೆ ಎನ್ನುವವರೂ ಇದ್ದಾರೆ. ಆಧಾರ್‌ನ ಕೊನೆಯ ಅಂಕಿ ಅಂಥ ಕಾವಲಿಗೆಂದೇ ಇದೆ. 1972ರಲ್ಲಿ ಬಂದ ಪಿನ್‌ಕೋಡಿಗೆ ಆ ಕಾವಲಿಲ್ಲ. 01 ಬದಲು 10 ಬರೆದರೂ ಅದು ಸರಿಯಾದ ಪಿನ್ನೇ. ಅಂಕಿಯನ್ನಷ್ಟೇ ನೋಡಿ ಕಳಿಸಿದರೆ ಕಾಗದ ಭೀಮೆಯನ್ನು ದಾಟಿ ಜೇವರ್ಗಿಗೆ ಹೋದೀತು.

ತಪ್ಪು ಕಲ್ಪನೆ: ಸಂಖ್ಯೆಗಳ ಚಮತ್ಕಾರದ ಹಿಂದೆ ಏನೋ ಗೂಢಶಕ್ತಿ ಇದೆ.

ಒಂಬತ್ತನೆಯ ಶತಮಾನದ ಗಣಿತಜ್ಞ ಮಹಾವೀರಾಚಾರ್ಯ ಅಮೋಘವರ್ಷ ನೃಪತುಂಗನ ಕಾಲದವನು; ನೃಪತುಂಗನ ರಾಜಧಾನಿ ಮಾನ್ಯಖೇಟ ಇದೇ ಕಲಬುರಗಿ ಜಿಲ್ಲೆಯ ಮಳಖೇಡ. ತನ್ನ ‘ಗಣಿತಸಾರಸಂಗ್ರಹ’ ಗ್ರಂಥದಲ್ಲಿ ಮಹಾವೀರಾಚಾರ್ಯ ಕೊರಳ ಹಾರದಂಥ ಗುಣಲಬ್ಧಗಳನ್ನು ಕೊಟ್ಟಿದ್ದಾನೆ. ಒಂದು ಹಾರ: 152207 × 73 = 11111111. ಪಿನ್‌ಕೋಡಿನಂತೆ ಆರೇ ಅಂಕಿಯ ಸಂಖ್ಯೆ, ಎಂಟು ಒಂದುಗಳ ಸಾಲು! ಒಡೆದು ನೋಡಿದರೆ ಗುಟ್ಟು ಬಯಲು: 11111111 = 11 × 73 × 101 × 137. ಅದರಲ್ಲಿ 73 ತೆಗೆದಿಟ್ಟರೆ ಉಳಿದದ್ದೇ 152207.

ನಮ್ಮ ಮೂರರಲ್ಲಿ ಇಂಥ ಹಾರ ಸಾಧ್ಯವಿರುವುದು ಅಫಜಲಪುರಕ್ಕೆ ಮಾತ್ರ. 2 ಅಥವಾ 5ರಿಂದ ಭಾಗವಾಗದ ಯಾವ ಸಂಖ್ಯೆಯನ್ನೇ ತೆಗೆದುಕೊಳ್ಳಿ, ಒಂದುಗಳ ಯಾವುದೋ ಒಂದು ಸಾಲನ್ನು ಅದು ಶೇಷವಿಲ್ಲದೆ ಭಾಗಿಸಿಯೇ ತೀರುತ್ತದೆ. ಆಳಂದ, ಜೇವರ್ಗಿಯ ಸಂಖ್ಯೆಗಳು ಸಮ. ಅವುಗಳ ಗುಣಕಗಳೂ ಸಮ. 1ರಲ್ಲಿ ಮುಗಿಯುವ ಸಾಲು ಅವಕ್ಕೆ ಎಷ್ಟು ದೂರ ಹೋದರೂ ಸಿಗದು.