ಟರ್ಬೊ ಕಾರು, ಹುರುಳಿ ಹೊರೆ: ದೊಡ್ಡಬೆಳವಂಗಲದಲ್ಲಿ ಒಂದು ಬೆಳಿಗ್ಗೆ

ಬೆಂಗಳೂರಿನಿಂದ ತುಮಕೂರು ರಸ್ತೆಯಲ್ಲಿ ಬಂದು ದಾಬಸ್‌ಪೇಟೆಯಲ್ಲಿ ಬಲಕ್ಕೆ ಹೊರಳಿದರೆ ಶಿವಗಂಗೆ ಬೆಟ್ಟ ಬೆನ್ನಿಗೆ ಬೀಳುತ್ತದೆ. ಮುಂದೆ ರಾಗಿ ಕೊಯ್ದ ಹೊಲಗಳು, ಮುಸುಕಿನ ಜೋಳದ ಒಣಗಿದ ಕಡ್ಡಿಗಳು, ಅಲ್ಲೊಂದು ಇಲ್ಲೊಂದು ಹೂವಿನ ಪಾಲಿಹೌಸ್. ಇವುಗಳ ನಡುವೆ ನಾಲ್ಕು ಪಥದ ರಸ್ತೆ ಪೂರ್ವಕ್ಕೆ ಹೋಗುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿಗಳನ್ನು ಬಳಸಿ ಹೊಸಕೋಟೆ ಮುಟ್ಟುವ ಇದು ಸ್ಯಾಟಲೈಟ್ ಟೌನ್ ರಿಂಗ್ ರೋಡಿನ ಸುಮಾರು 80 ಕಿ.ಮೀ. ಉದ್ದದ ಭಾಗ. ಲಾರಿಗಳು ಬೆಂಗಳೂರಿನೊಳಗೆ ನುಗ್ಗದೆ ಹೊರಗಿನಿಂದಲೇ ಹೋಗಲಿ ಎಂದು ಮಾಡಿದ್ದು. ಹುಲಿಕುಂಟೆಯ ಟೋಲ್ ಗೇಟ್ ಇರುವುದೂ ಇದೇ ಭಾಗದಲ್ಲಿ. ದೊಡ್ಡಬಳ್ಳಾಪುರ ಇನ್ನು ಸುಮಾರು 15 ಕಿ.ಮೀ. ಇದೆ ಎನ್ನುವಾಗ ಸಿಗುವ ಹೋಬಳಿ ಕೇಂದ್ರವೇ ದೊಡ್ಡಬೆಳವಂಗಲ.

ವಾರದ ದಿನಗಳಲ್ಲಿ ಇಲ್ಲಿ ಲಾರಿ, ಕಂಟೇನರ್, ಹಾಲಿನ ವ್ಯಾನುಗಳದೇ ಓಡಾಟ. ಭಾನುವಾರ ಬೆಳಿಗ್ಗೆ ಮಾತ್ರ ಬೇರೆಯದೇ ಗಾಡಿಗಳು ಬರುತ್ತವೆ: ಪೋಲೊ ಜಿಟಿ, ಸ್ಲೇವಿಯಾ, ವರ್ಟಸ್, ಐ20 ಎನ್ ಲೈನ್, ಯಾರೋ ಜೋಪಾನವಾಗಿ ಉಳಿಸಿಕೊಂಡ ಹಳೆಯ ಹೋಂಡಾ ಸಿಟಿ ವಿಟೆಕ್. ಯಲಹಂಕದಿಂದ ಹೊರಟು ದೊಡ್ಡಬಳ್ಳಾಪುರ, ದಾಬಸ್‌ಪೇಟೆ, ನೆಲಮಂಗಲ ಸುತ್ತಿ ಮನೆ ಸೇರಲು ಇದು ಹದವಾದ ಸುತ್ತು. ನಡುವೆ ಚಹಾಕ್ಕೆ ನಿಲ್ಲುವ ಜಾಗಗಳಲ್ಲಿ ಈ ಊರಿನ ಆಸುಪಾಸೂ ಒಂದು.

ಡಿಸೆಂಬರಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಚಹಾ ಅಂಗಡಿಯ ಪಕ್ಕದಲ್ಲಿ ಬಾನೆಟ್ ಎತ್ತಿ ನಿಲ್ಲಿಸಿದ್ದ ಬಿಳಿ ಪೋಲೊ ಜಿಟಿ ಟಿಎಸ್‌ಐ ಹತ್ತಿರ ಹೋದೆ. 2013ರಲ್ಲಿ ಬಂದ ಮಾದರಿ, 1.2 ಲೀಟರ್ ಎಂಜಿನ್, ಕಂಪನಿ ಲೆಕ್ಕದಲ್ಲಿ 105 ಪಿಎಸ್. ಮಾಲೀಕರು ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ದಿನವೂ ಯಲಹಂಕದಿಂದ ಇದರಲ್ಲೇ ಕೆಲಸಕ್ಕೆ ಹೋಗಿಬರುತ್ತಾರೆ, ಮಗಳನ್ನು ಶಾಲೆಗೆ ಬಿಡುವುದೂ ಇದರಲ್ಲೇ. ಭಾನುವಾರದ ಸುತ್ತಾಟಕ್ಕೆಂದೇ ಇಟ್ಟ ಗಾಡಿಯಲ್ಲ ಎಂಬ ಕಾರಣಕ್ಕೇ ನನಗೆ ಅವರ ಮಾತಿನಲ್ಲಿ ಆಸಕ್ತಿ ಹುಟ್ಟಿತು.

ಬಾನೆಟ್ ಕೆಳಗೆ ಬಣ್ಣದ ಪೈಪಾಗಲಿ ಹೊಳೆಯುವ ಫಿಲ್ಟರಾಗಲಿ ಇರಲಿಲ್ಲ. ಅವರು ನೇರವಾಗಿ ಮುಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಟೈರಿನ ಬದಿ ಒರೆಸಿ ನಾಲ್ಕು ಅಂಕಿ ತೋರಿಸಿದರು: 2224. ಅಂದರೆ 2024ರ 22ನೇ ವಾರದಲ್ಲಿ ತಯಾರಾದ ಟೈರು. ಈ ಅಂಕಿ ಪ್ರತಿ ಟೈರಿನ ಮೇಲೂ ಇರುತ್ತದೆ, ನೋಡುವವರು ಕಡಿಮೆ. ಟೈರಿನ ಹೂವು (ಟ್ರೆಡ್) ಚೆನ್ನಾಗಿದ್ದರೂ ಐದಾರು ವರ್ಷ ದಾಟಿದ ರಬ್ಬರ್ ಗಟ್ಟಿಯಾಗಿ ಹಿಡಿತ ಬಿಡುತ್ತದೆ, ಮಳೆಯಲ್ಲಿ ಅದು ಮೊದಲು ಗೊತ್ತಾಗುತ್ತದೆ. ಎಂಜಿನ್‌ಗೆ ಕೈ ಹಾಕುವ ಮೊದಲು ಇವರು ಖರ್ಚು ಮಾಡಿದ್ದು ಒಳ್ಳೆಯ ಟೈರಿಗೆ, ಬ್ರೇಕ್ ಪ್ಯಾಡಿಗೆ, ಆಮೇಲೆ ಶಾಕ್ ಅಬ್ಸಾರ್ಬರ್‌ಗೆ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲು. ಅದು ಗಾಳಿಯ ತೇವ ಹೀರುವ ದ್ರವ. ನೀರು ಸೇರಿದಷ್ಟೂ ಬೇಗ ಕುದಿಯುತ್ತದೆ. ನಂದಿ ಬೆಟ್ಟದಂಥ ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾಗಿ ಆ ದ್ರವ ಕುದಿದರೆ ಪೆಡಲ್ ಮೆತ್ತಗೆ ಕೆಳಗಿಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ.

ಆಯಿಲ್ ವಿಚಾರದಲ್ಲೂ ಅಷ್ಟೇ ಕಟ್ಟುನಿಟ್ಟು. ಚಿಕ್ಕ ಟರ್ಬೊದ ದಂಡ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತಿಗೂ ಮೇಲೆ ತಿರುಗುತ್ತದೆ, ಅದಕ್ಕೆ ಆಸರೆ ತೆಳ್ಳನೆಯ ಆಯಿಲ್ ಪದರವೊಂದೇ. ಕಂಪನಿ ಹೇಳಿದ ಕಿಲೋಮೀಟರಿಗಿಂತ ಮೊದಲೇ ಆಯಿಲ್ ತೆಗೆಸುತ್ತಾರೆ. ಹೆದ್ದಾರಿಯಲ್ಲಿ ಓಡಿಸಿ ಬಂದಾಗ ಕೊನೆಯ ಎರಡು ಮೂರು ಕಿಲೋಮೀಟರ್ ನಿಧಾನಕ್ಕೆ ಬಂದು, ಟರ್ಬೊ ತಣ್ಣಗಾದ ಮೇಲೆ ಕೀ ತಿರುಗಿಸುತ್ತಾರೆ.

ಎದುರಿಗೆ ನಿಂತಿದ್ದ ಸ್ಲೇವಿಯಾದ ಯುವಕನ ದಾರಿಯೇ ಬೇರೆ. 1.5 ಲೀಟರ್ ಎಂಜಿನ್, ಕಂಪನಿಯಿಂದ ಬಂದಾಗಲೇ 150 ಪಿಎಸ್, 250 ನ್ಯೂಟನ್ ಮೀಟರ್ ಟಾರ್ಕ್. ಸಾಲದು ಎಂದು ‘ಸ್ಟೇಜ್ ಒನ್’ ಮಾಡಿಸಬೇಕೆಂದಿದ್ದಾನೆ. ಬಿಡಿಭಾಗ ಯಾವುದನ್ನೂ ಮುಟ್ಟದೆ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಟರ್ಬೊದ ಒತ್ತಡ, ಪೆಟ್ರೋಲ್, ಕಿಡಿಯ ಸಮಯ ಹೆಚ್ಚುಕಡಿಮೆ ಮಾಡುವುದು ಸ್ಟೇಜ್ ಒನ್. ಡೌನ್‌ಪೈಪ್, ಇಂಟರ್‌ಕೂಲರ್ ಸೇರಿದರೆ ಸ್ಟೇಜ್ ಟೂ. ಬೆಂಗಳೂರಿನಲ್ಲಿ ಈ ಕೆಲಸ ಬಲ್ಲ ಗ್ಯಾರೇಜುಗಳಿವೆ, ಮಾಡಿಸಿದವರೂ ಬೇಕಾದಷ್ಟಿದ್ದಾರೆ. ಆದರೆ ಆ ಗಾಡಿಯ ಏಳು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸ್ ಒಣ ಕ್ಲಚ್‌ನ ಡಿಕ್ಯೂ200 ಮಾದರಿಯದು. ಅದನ್ನು ರೂಪಿಸಿದ್ದೇ 250 ನ್ಯೂಟನ್ ಮೀಟರ್ ಮಿತಿಗೆ. ಅಂದರೆ ಕಾರು ಷೋರೂಮಿನಿಂದ ಹೊರಬರುವಾಗಲೇ ಗೇರ್‌ಬಾಕ್ಸ್ ತನ್ನ ಮಿತಿಯಲ್ಲಿದೆ. ಎಂಜಿನ್ ಇನ್ನಷ್ಟು ಕೊಟ್ಟರೆ ಹೊರೆ ಬೀಳುವುದು ಕ್ಲಚ್ ಮೇಲೆ, ಅದೂ ದಿನಾ ಹೆಬ್ಬಾಳದ ಟ್ರಾಫಿಕ್‌ನಲ್ಲಿ ಇಂಚಿಂಚು ತೆವಳುವ ಕ್ಲಚ್ ಮೇಲೆ. ಪೋಲೊ ಮಾಲೀಕರು ಅವನಿಗೆ ಇದನ್ನೇ ಬಿಡಿಸಿ ಹೇಳುತ್ತಿದ್ದರು. ಮಾತು ಮುಗಿಯುವ ಹೊತ್ತಿಗೆ ಅವನು ಟೈರು ಬ್ರಾಂಡುಗಳ ಬಗ್ಗೆ ಕೇಳತೊಡಗಿದ್ದ.

ಕಾನೂನಿನ ಮಾತೂ ಬಂತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಎಂದಾಯಿತು. ವಾರಂಟಿಯೂ ಹೋಗುತ್ತದೆ: ಫೋಕ್ಸ್‌ವ್ಯಾಗನ್ ಬಳಗದ ಕಾರುಗಳಲ್ಲಿ ಸಾಫ್ಟ್‌ವೇರ್ ಮುಟ್ಟಿದ್ದು ಪತ್ತೆಯಾದರೆ ‘ಟಿಡಿ1’ ಎಂಬ ಗುರುತು ದಾಖಲೆಗೆ ಬೀಳುತ್ತದೆ. ವಿಮಾ ಕಂಪನಿಗೆ ತಿಳಿಸದ ಬದಲಾವಣೆ ಅಪಘಾತದ ಕ್ಲೇಮಿಗೇ ಮುಳುವಾಗಬಹುದು. ನನ್ನ ಅಭಿಪ್ರಾಯ ಕೇಳಿದರೆ, ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕುವುದು, ಸೈಲೆನ್ಸರ್ ಕೊರೆಸಿ ಊರೆಲ್ಲ ಸದ್ದು ಮಾಡುವುದು ತಪ್ಪೇ. ಅದಕ್ಕೆ ಕಾರು ಪ್ರೀತಿ ಎಂಬ ಹೆಸರು ಕೊಡಬಾರದು. ಬೆಳಿಗ್ಗೆ ಆರಕ್ಕೆ ಹಾಲು ಹಾಕಲು ಡೇರಿಗೆ ನಡೆದು ಹೋಗುವವರ ಕಿವಿಯ ಪಕ್ಕದಲ್ಲೇ ಆ ಸದ್ದು ಸಿಡಿಯುವುದು.

ಚಹಾ ಮುಗಿಸಿ ಊರೊಳಗೆ ನಡೆದೆ. ಬೊಲೆರೊ, ಟ್ರ್ಯಾಕ್ಟರ್ ರಿಪೇರಿ ಮಾಡುವ ಸಣ್ಣ ಗ್ಯಾರೇಜ್ ಸಿಕ್ಕಿತು. ಭಾನುವಾರದ ಕಾರುಗಳು ಕೆಟ್ಟು ನಿಂತಾಗ ಮೊದಲು ಬರುವುದು ಇಂಥ ಅಂಗಡಿಗೇ. ಯಜಮಾನರು ಕೈ ಒರೆಸಿಕೊಳ್ಳುತ್ತ, “ಪಿಕಪ್ ಬಗ್ಗೆ ಎಷ್ಟ್ ಬೇಕಾದ್ರೂ ಮಾತಾಡ್ತಾರೆ ಸಾರ್. ಬ್ರೇಕ್ ಆಯಿಲ್ ಯಾವಾಗ ಬದ್ಲಾಯಿಸಿದ್ರಿ ಅಂದ್ರೆ ಮುಖ ಮುಖ ನೋಡ್ತಾರೆ” ಎಂದರು. ಹೆಚ್ಚಾಗಿ ಬರುವ ದೂರು ಕಿತ್ತುಹೋದ ಟೈರು, ಬಗ್ಗಿದ ರಿಮ್, ಹಂಪ್ಸ್‌ಗೆ ತಗುಲಿ ಒಡೆದ ಕೆಳಭಾಗದ ಗಾರ್ಡ್. ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸಿದವರು ಹಳ್ಳಿ ಹಂಪ್ಸನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟುತ್ತಾರಂತೆ. ಹಳೆಯ ಗಾಡಿಗಳ ಪೆಟ್ರೋಲ್ ಪೈಪು, ಸೀಲುಗಳನ್ನೂ ಯಜಮಾನರು ಈಗ ಹೆಚ್ಚು ಗಮನಿಸುತ್ತಾರೆ. ಬಂಕುಗಳಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಅದರ ಆಕ್ಟೇನ್ ಚೆನ್ನಾಗಿದ್ದರೂ ಎಥನಾಲ್‌ಗೆ ಲೀಟರಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ, ಹಾಗಾಗಿ ಮೈಲೇಜ್ ಇಳಿಯುತ್ತದೆ. 2023ಕ್ಕೆ ಮುಂಚಿನ ಬಹಳಷ್ಟು ಕಾರುಗಳ ರಬ್ಬರ್ ಭಾಗಗಳು ಈ ಮಿಶ್ರಣಕ್ಕೆಂದು ಮಾಡಿದವಲ್ಲ.

ಅವರ ಗ್ಯಾರೇಜಿನ ಮುಂದಿನ ದಾರಿಯಲ್ಲೇ ನಾನು ಹುಡುಕದೆ ಸಿಕ್ಕ ಪಾಠವೂ ಇತ್ತು. ಟಾರು ರಸ್ತೆಯ ಅರ್ಧಕ್ಕೆ ಹುರುಳಿ ಹೊರೆ ಹರಡಿದ್ದರು. ಡಿಸೆಂಬರ್, ಜನವರಿ ಬಂತೆಂದರೆ ಈ ಸೀಮೆಯ ಒಳರಸ್ತೆಗಳೇ ಕಣ. ರಾಗಿ, ಹುರುಳಿ ಹರಡಿದರೆ ಓಡಾಡುವ ಗಾಡಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಕಣ ಮಾಡುವಷ್ಟು ಜಾಗ, ಸಗಣಿ, ಆಳು ಎಲ್ಲಕ್ಕೂ ಕೊರತೆಯಿರುವಾಗ ರೈತರನ್ನು ದೂರುವುದು ಸುಲಭವಲ್ಲ. ಅಪಾಯ ಮಾತ್ರ ದೊಡ್ಡದು. ಹುರುಳಿಯ ಉದ್ದನೆಯ ಬಳ್ಳಿ ಚಕ್ರದ ಅಚ್ಚಿಗೆ ಸುತ್ತಿಕೊಂಡು ಕಾರಿನ ಹೊಟ್ಟೆಗೆ ಗಂಟಾಗಿ ಅಂಟುತ್ತದೆ. ಅಲ್ಲೇ ಸೈಲೆನ್ಸರ್ ಕೊಳವೆ, ಅಲ್ಲೇ ಕ್ಯಾಟಲಿಟಿಕ್ ಕನ್ವರ್ಟರ್. ಕೆಲಸ ಮಾಡುವಾಗ ಅದರೊಳಗಿನ ಬಿಸಿ 400 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಒಣ ಬಳ್ಳಿ ಹೊತ್ತಿಕೊಂಡು ಕಾರುಗಳು ಪೂರಾ ಸುಟ್ಟ ಘಟನೆಗಳು ಕರ್ನಾಟಕದ ಹಲವೆಡೆ ನಡೆದಿವೆ. ತಗ್ಗಿಸಿದ ಕಾರಿಗೆ ಬಳ್ಳಿ ಇನ್ನೂ ಬೇಗ ಸಿಗುತ್ತದೆ. ದಪ್ಪ ಡೌನ್‌ಪೈಪ್ ಹಾಕಿಸುವಾಗ ಕಂಪನಿ ಕೊಟ್ಟ ಶಾಖ ತಡೆಯುವ ತಗಡನ್ನು ಬಿಟ್ಟುಬಿಟ್ಟಿದ್ದರಂತೂ ಕೇಳುವುದೇ ಬೇಡ. ಯಜಮಾನರು ಕೊಕ್ಕೆ ತಂದು, ರಸ್ತೆ ಬದಿ ನಿಂತಿದ್ದ ಒಂದು ಕಾರಿನ ಅಡಿಯಿಂದ ತೋಳುದ್ದದ ಕಪ್ಪಾದ ಬಳ್ಳಿ ಎಳೆದು ತೋರಿಸಿದರು. ತುದಿ ಸುಟ್ಟು ಬೂದಿಯಾಗಿತ್ತು. ಆ ಕಾರಿನವರಿಗೆ ಗೊತ್ತೇ ಇರಲಿಲ್ಲ.

ಹೆದ್ದಾರಿಗೆ ವಾಪಸ್ ಬಂದಾಗ ಬಿಸಿಲೇರಿತ್ತು. ಕುರಿ ಮಂದೆ ದಾಟಿಸುತ್ತಿದ್ದ ಅಜ್ಜನಿಗಾಗಿ ಎರಡೂ ಕಡೆ ಗಾಡಿಗಳು ನಿಂತವು. ನಾಲ್ಕು ಪಥವಿದ್ದರೂ ಈ ರಸ್ತೆಯ ಅಕ್ಕಪಕ್ಕ ಇರುವುದು ಊರುಗಳೇ. ಆಚೆ ಹೊಲ, ಈಚೆ ಮನೆ ಇರುವವರು ದಾಟಲೇಬೇಕು. ಕಾರಿನ ನಿಜವಾದ ಓಟ ನೋಡಬೇಕೆಂಬ ಆಸೆ ನ್ಯಾಯವಾದದ್ದೇ, ಅದಕ್ಕೆ ಜಾಗವೂ ಇದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈನ ಸರ್ಕ್ಯೂಟ್ ಎರಡೂ ಬೆಂಗಳೂರಿನಿಂದ ಒಂದು ದಿನದ ದಾರಿ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿಯಲ್ಲೂ ಸಾರ್ವಜನಿಕರ ಓಡಾಟ ಮುಚ್ಚಿದ ದಾರಿಯಲ್ಲೇ ಸ್ಪರ್ಧೆ ನಡೆಯುತ್ತದೆ. ಅಂಥ ಕಡೆ ಹೆಲ್ಮೆಟ್, ಆಂಬುಲೆನ್ಸ್, ಬಾವುಟ ಹಿಡಿದ ಮಾರ್ಷಲ್‌ಗಳಿರುತ್ತಾರೆ. ದೊಡ್ಡಬೆಳವಂಗಲದಲ್ಲಿ ಇರುವುದು ಶಾಲೆಗೆ ಸೈಕಲ್ ತುಳಿಯುವ ಮಕ್ಕಳು.

ಈ ಸುತ್ತಿಗೆ ಬರುವವರು ಬೆಳಿಗ್ಗೆ ಬೇಗ ಬನ್ನಿ, ಲಾರಿ ಕಡಿಮೆ ಇರುತ್ತವೆ. ಹೊರಡುವ ಮುನ್ನ ಟೈರು ತಣ್ಣಗಿರುವಾಗಲೇ ಗಾಳಿ ನೋಡಿಸಿ. ಚಳಿಗಾಲದಲ್ಲಿ ಸರ್ವಿಸ್ ರಸ್ತೆಗೋ ಊರ ದಾರಿಗೋ ಇಳಿದರೆ ಹುರುಳಿ ಹೊರೆ ಕಂಡಲ್ಲಿ ನಿಲ್ಲಿಸಿ ಕೇಳಿ, ರೈತರು ಬದಿಗೆ ಸರಿಸಿ ದಾರಿ ಬಿಡುತ್ತಾರೆ. ಗೊತ್ತಾಗದೆ ಹತ್ತಿಸಿಬಿಟ್ಟಿದ್ದರೆ ಸ್ವಲ್ಪ ದೂರದಲ್ಲೇ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಬಗ್ಗಿ ಅಡಿಭಾಗ ನೋಡಿ. ಬಳ್ಳಿ ಕಂಡರೆ ಬರಿಗೈ ಹಾಕಬೇಡಿ, ಕೊಕ್ಕೆಯಿಂದ ಎಳೆಯಿರಿ.