‘ಬೀಡಿ ಬಿಡಿ’ ಅಂದರೆ ಸಾಕೇ?

‘ಬೀಡಿ ಸೇದ್ತೀರಾ? ಬಿಟ್ಟುಬಿಡಿ.’ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ದಿನಕ್ಕೆ ಹತ್ತಾರು ಸಲ ಕೇಳಿಬರುವ ಮಾತಿದು. ಹೇಳಿ ಮುಗಿಯುವಷ್ಟರಲ್ಲಿ ಮುಂದಿನವರ ಚೀಟಿ ಮೇಜಿನ ಮೇಲಿರುತ್ತದೆ. ಕೆಮ್ಮಿನ ಔಷಧ ಹಿಡಿದು ಹೊರಬಂದ ರೋಗಿ ಗೇಟಿನ ಪಕ್ಕದ ಗೂಡಂಗಡಿಯಲ್ಲಿ ಕಡ್ಡಿ ಗೀರುತ್ತಾರೆ.

ನಾನು ನರ್ಸಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ. ಎದೆರೋಗ ವಿಭಾಗದ ಪೋಸ್ಟಿಂಗ್‌ನಲ್ಲಿದ್ದಾಗ ಅಲ್ಲಿನ ಹಿರಿಯ ಸಿಸ್ಟರ್ ಒಬ್ಬರು ಬಿಡಿ ಅನ್ನುವ ಮೊದಲು ಬೇರೆಯೇ ಪ್ರಶ್ನೆ ಕೇಳುತ್ತಿದ್ದರು: ‘ಯಜಮಾನ್ರೇ, ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೇ ಬೀಡಿ?’ ಹಮಾಲಿ ಕೆಲಸದ ಒಬ್ಬರು ನಾಚಿಕೊಂಡು, ‘ಅದಿಲ್ದೆ ಕಕ್ಕಸಿಗೇ ಆಗಲ್ಲ ತಾಯಿ’ ಅಂದರು. ಯಾರೂ ನಗಲಿಲ್ಲ. ಎದ್ದ ಅರ್ಧ ಗಂಟೆಯೊಳಗೆ ಸೇದಲೇಬೇಕು ಅನ್ನುವವರಲ್ಲಿ ನಿಕೋಟಿನ್ ಹಿಡಿತ ಬಿಗಿಯಾಗಿರುತ್ತದೆ. ಅವರಿಗೆ ಬರೀ ಬುದ್ಧಿಮಾತು ಸಾಲದು.

ನಮ್ಮ ಪಠ್ಯದಲ್ಲಿ ಇದಕ್ಕೆ ಐದು ಹೆಜ್ಜೆಗಳಿವೆ: ಕೇಳುವುದು, ಸಲಹೆ ಕೊಡುವುದು, ಬಿಡಲು ಸಿದ್ಧರಿದ್ದಾರೆಯೇ ಎಂದು ಅರಿಯುವುದು, ನೆರವಾಗುವುದು, ಮತ್ತೆ ವಿಚಾರಿಸುವುದು. ಪರೀಕ್ಷೆಯಲ್ಲಿ ಐದನ್ನೂ ಬರೆಯುತ್ತೇವೆ. ವಾರ್ಡಿನಲ್ಲಿ ಮಾತ್ರ ಎರಡಕ್ಕೇ ನಿಂತುಬಿಡುತ್ತೇವೆ.

ಸಿಸ್ಟರ್ ನಿಲ್ಲುತ್ತಿರಲಿಲ್ಲ. ‘ಅಮಾವಾಸ್ಯೆ ಕಳೀಲಿ’ ಅಂದರೆ ‘ಆಗ್ಲಿ, ಪಾಡ್ಯದ ದಿನ’ ಎಂದು ಚೀಟಿಯ ಮೇಲೆ ತಾರೀಖು ಬರೆಯುತ್ತಿದ್ದರು. ಮೊದಲ ಎರಡು ಮೂರು ದಿನ ಸಿಡುಕು ಜಾಸ್ತಿ, ನಿದ್ದೆ ಕೆಡಬಹುದು, ಮಲಬದ್ಧತೆಯೂ ಆಗಬಹುದು, ಕೆಲವು ವಾರಗಳಲ್ಲಿ ಇಳಿಯುತ್ತದೆ ಎಂದು ಮೊದಲೇ ಹೇಳುತ್ತಿದ್ದರು. ಹೆಂಡತಿ ಜೊತೆಗಿದ್ದರೆ ಅವರಿಗೂ. ಇಲ್ಲದಿದ್ದರೆ ಆ ಸಿಡುಕಿಗೆ ಮನೆಯಲ್ಲಿ ಜಗಳವೇ ಶುರು!

ನಿಕೋಟಿನ್ ಗಮ್ ಬರೆದುಕೊಟ್ಟರೂ ಬಳಸುವ ಕ್ರಮವನ್ನು ಹೇಳುವವರು ಕಡಿಮೆ. ಅದನ್ನು ಬಬಲ್‌ಗಮ್‌ನಂತೆ ಒಂದೇ ಸಮನೆ ಜಗಿಯಬಾರದು. ನಿಧಾನಕ್ಕೆ ಜಗಿದು, ಬಾಯಲ್ಲಿ ಚುರುಗುಟ್ಟಿದಾಗ ಕೆನ್ನೆಯ ಒಳಗೆ ಒತ್ತಿಟ್ಟುಕೊಳ್ಳಬೇಕು. ಅದಕ್ಕೆ 15 ನಿಮಿಷ ಮುಂಚಿನಿಂದ ಕಾಫಿಯನ್ನೂ ಕುಡಿಯಬಾರದು. ಇದು ಗೊತ್ತಿಲ್ಲದೆ ಬಿಕ್ಕಳಿಕೆ ಬಂದು ಗಮ್ ಬಿಸಾಡಿದವರನ್ನು ಕಂಡಿದ್ದೇನೆ.

ಆ ಹಮಾಲರು ಮೂರು ವಾರ ಬಿಟ್ಟಿದ್ದು, ಮಗಳ ಮದುವೆಯ ಓಡಾಟದಲ್ಲಿ ಮತ್ತೆ ಹಚ್ಚಿದರು. ಸಿಸ್ಟರ್ ಬೈಯಲಿಲ್ಲ. ‘ಮೂರು ವಾರ ಹೇಗೆ ಇದ್ರಿ ಹೇಳಿ’ ಎಂದು ಅದನ್ನೇ ಕೇಳಿಸಿಕೊಂಡು, ಇನ್ನೊಂದು ತಾರೀಖು ಬರೆದರು.

ಇಷ್ಟಕ್ಕೆಲ್ಲ ವೈದ್ಯರಿಗೆ ಪುರುಸೊತ್ತಿಲ್ಲ ಅನ್ನುವುದು ನಿಜ. ಆದರೆ ಸರದಿಯಲ್ಲಿ ರೋಗಿ ಕಾಯುವ ಹೊತ್ತಿನಲ್ಲಿ ನಮ್ಮಂಥ ವಿದ್ಯಾರ್ಥಿಗಳು ಅಲ್ಲೇ ಇರುತ್ತೇವಲ್ಲ? ತಂಬಾಕು ಬಿಡುವವರಿಗಾಗಿ ಉಚಿತ ರಾಷ್ಟ್ರೀಯ ಸಹಾಯವಾಣಿಯೂ ಇದೆ: 1800-11-2356. ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದರ ಒಂದು ಕೇಂದ್ರ. 2018ರಿಂದ ಈ ಸಂಖ್ಯೆಯನ್ನು ಪೊಟ್ಟಣದ ಮೇಲೂ ಮುದ್ರಿಸುತ್ತಿದ್ದಾರೆ. ದಿನಾ ಪೊಟ್ಟಣ ಹಿಡಿಯುವವರೂ ಅದನ್ನು ಓದಿರುವುದಿಲ್ಲ. ಸಿಸ್ಟರ್ ಅದನ್ನು ರೋಗಿಯ ಮೊಬೈಲಿನಲ್ಲೇ ಸೇವ್ ಮಾಡಿ, ಒಮ್ಮೆ ರಿಂಗ್ ಮಾಡಿಸಿ ಕಳಿಸುತ್ತಿದ್ದರು.